ಎರಡಂತಸ್ತಿನ ನಗಿ

ಸೊಲ್ಲಾಪುರ, ಹೋಟಗಿ ರಸ್ತೆದ ಶ್ರೀಕಾಂತ ಟಾಕೀಜಿನ್ಯಾಗ
ಹದಿನೆಂಟು ವರ್ಷ ಬ್ಯಾಟರಿ ಹಿಡದಾಂವ ನಾನು.
ಮಂದಿ ಪಡದೆ ನೋಡತಿದ್ರು,
ನಾ ಮಂದೀನ ನೋಡತಿದ್ದೆ.
ನಿಮಗ ಗೊತ್ತಿರಲಿಕ್ಕಿಲ್ಲ, ಹೇಳತೀನಿ:
ನಗಿಗೂ ಅಂತಸ್ತ ಇರತೈತಿ.

ಆ ವರ್ಷ ಒಂದ ಪಿಚ್ಚರ ಬಂತು, ಹೆಸರ ಬಿಡ್ರಿ.
ಸಾಹುಕಾರ ಪರ ಊರಿಗೆ ಹೋದಾಗ
ಮನಿ ಆಳು ಅವನ ಕೋಟ ಹಾಕ್ಕೊಂಡು
ಅವನ ಕುರ್ಚಿ ಮ್ಯಾಲೆ ಕುಂಡ್ರತಾನ,
ಗಂಟಿ ಬಾರಿಸಿ ಚಾ ತರಸತಾನ.
ಬಶಿಗೆ ಸುರುವಿ ಸೊರ್ ಅಂತ ಕುಡದಾಗ
ಬಾಲ್ಕನಿ ಬಿದ್ದು ಬಿದ್ದು ನಗತಿತ್ತು.
ಕೆಳಗ ಬಾಕಿನ ಮಂದಿ ಸುಮ್ಮನ.
ಚಾ ಮತ್ತ ಹೆಂಗ ಕುಡೀಬೇಕು?

ಸಾಲ ಕೊಟ್ಟಾಂವ ಬಂದು ಆಳಿಗೇ ಕೈ ಮುಗದು
"ಸಾಹುಕಾರ್ರ, ಬಡ್ಡಿನಾದ್ರೂ ತೀರಸ್ರಿ" ಅಂದಾಗ
ಕೆಳಗ ಸೀಟಿ, ಟೊಪಗಿ ಗಾಳ್ಯಾಗ.
ಮಗ್ಗದ ಸಪ್ಪಳಕ್ಕ ಕಿವಿ ಮಂದ ಆದ ಮಂದಿ,
ನಕ್ಕರ ತಮಗ ಕೇಳೂವಷ್ಟ ಜೋರ ನಗತಾರ.
ಮ್ಯಾಲೆ ಯಾರೋ ಒಬ್ಬರು ಕೆಮ್ಮಿದ್ರು.

ಮೂರ ವಾರ ಹಿಂಗ.
ಒಂದ ಪಿಚ್ಚರಿಗೆ ಎರಡ ನಗಿ,
ನಡುವ ಮೂವತ್ತೆರಡ ಮೆಟ್ಟಲ.

ಆಯ್ತವಾರ. ಮಿಲ್ಲಿನ ಭೋಂಗಾ ಬಾಯಿ ಮುಚ್ಚಿದ ದಿನ.
ಸೂತಿನ ವ್ಯಾಪಾರಿ ಹಂಜಗಿಯವರ ಮನಿಯಾಕಿ ಬಂದ್ರು,
ಕೂಸಿನ ಹಿಡೀಲಿಕ್ಕೆ ನಿಂಬೆವ್ವ ಜೋಡಿ.
ಕೂಸಿಗೆ ಟಿಕೀಟ ಇಲ್ಲ, ಕೂಸ ಹಿಡದಾಕಿಗೂ ಇಲ್ಲ.
ಮೆಟ್ಟಲ ಮ್ಯಾಲೆ ಕುಂತಳು,
ಅಕ್ಕಲಕೋಟ ಬಸ್ಸಿನ್ಯಾಗ ಗಂಟಿನ ಬಾಜೂಕ ಕುಂತಂಗ.

ಪಡದೆದಾಗ ಒಡತಿ ಆಳಿಗೆ ಚಾ ಕೊಟ್ಟಳು,
ಕಿಡಕಿ ಕಟ್ಟಿ ಮ್ಯಾಲೆ ಬ್ಯಾರೆ ಇಟ್ಟ
ಕಿವಿ ಮುರದ ಕಪ್ಪಿನ್ಯಾಗ.
ಯಾರೂ ನಗೂ ಜಾಗ ಅಲ್ಲ ಅದು,
ಮ್ಯಾಲೂ ಅಲ್ಲ, ಕೆಳಗೂ ಅಲ್ಲ.
ನಿಂಬೆವ್ವ ನಕ್ಕಳು.
ಹೆಂಗ ಅಂತೀರಿ, ಶೇಂಗಾ ಚೀಲ ಹರದಂಗ!
"ಬಾಯಾರ, ನೋಡ್ರಿ ನೋಡ್ರಿ,
ನನ್ನ ಕಪ್ಪ! ಸಿನಿಮಾದಾಗ ಬಂದೈತಿ!"

ಬಾಲ್ಕನಿ ತಣ್ಣಗಾತು.
ಕೆಳಗಿಂದ ಒಂದ ನಗಿ ಎದ್ದು ಮೆಟ್ಟಲ ಹತ್ತಿ ಬಂತು,
ಅದರ ಬೆನ್ನಿಗೆ ಮತ್ತೊಂದು.
ಮಗ್ಗದ ಹುಡುಗರು, ಬೀಡಿ ಕಟ್ಟೂ ಹೆಣಮಕ್ಕಳು
ತೆಲಗಿನ್ಯಾಗ, ಮರಾಠ್ಯಾಗ, ನಮ್ಮ ಕನ್ನಡದಾಗ
ಪಡದೆ ಬಿಟ್ಟು ಹೊಳ್ಳಿ ಮ್ಯಾಲೆ ನೋಡಿ ನಕ್ಕರು.
ಬಾಯಾರು ಸೆರಗಿನ ಪಿನ್ನ ಬಿಚ್ಚಿ ಮತ್ತ ಹಾಕ್ಕೊಂಡ್ರು.
ಕೂಸೂ ನಕ್ಕಿತು,
ಅದಕ್ಕಿನ್ನೂ ಮ್ಯಾಲೆ ಕೆಳಗ ತಿಳೀತಿರಲಿಲ್ಲ.

ಇಂಟರ್‌ವಲ್ಲಿಗೆ ಮ್ಯಾನೇಜರ ಬಿರಾಜದಾರ ಕರದಾ:
"ಆಕಿದೂ ಟಿಕೀಟ ಹರಿ.
ಬರೇ ನೋಡಿದ್ರ ಬಿಡತಿದ್ದೆ. ನಕ್ಕಾಳ."
ಮೂರು ರೂಪಾಯಿ. ಬಾಯಾರು ಎಣಸಿ ಕೊಟ್ಟರು,
ತಿಂಗಳಾ ಮುಗದ ಮ್ಯಾಲೆ
ಪಗಾರದಾಗ ಮುರಕೊಂಡ್ರಂತ.
ಅವತ್ತ ನಾ ಆಫೀಸಿನ್ಯಾಗ ಚಾ ಕುಡೀಲಿಲ್ಲ.
ನಂದೂ ಒಂದ ಗ್ಲಾಸ ಬ್ಯಾರೆ ಇತ್ತು,
ಬಾಗಲ ಹಿಂದ, ಕಸಬರಗಿ ಮಗ್ಗಲಕ.

ಇಷ್ಟಕ್ಕ ಮುಗೀಬೇಕಿತ್ತು ಕತಿ.

ಪಿಚ್ಚರ ಬದಲಾಗಿತ್ತು. ಯಾವದೋ ದೇವರ ಪಿಚ್ಚರ,
ಬಾಲ್ಕನಿ ಖಾಲಿ, ದೇವರೊಬ್ಬನ ಮಾತಾಡತಿದ್ದ.
ನಿಂಬೆವ್ವ ಒಬ್ಬಾಕಿನ ಬಂದಳು.
ಎಲಿ ಅಡಕಿ ಚೀಲದಾಗಿಂದ ಟಿಕೀಟಿನ ತುಂಡ ತಗದಳು,
ಸುಣ್ಣ ಹತ್ತಿ ನಂಬರ ಅಳಿಸಿತ್ತು.
"ಅವತ್ತ ರೊಕ್ಕ ಕೊಟ್ಟೀನಿ.
ಕುಂತದ್ದು ಮೆಟ್ಟಲ ಮ್ಯಾಲೆ.
ಕುರ್ಚಿ ಬಾಕಿ ಐತಲ್ಲಪಾ?"

ಕೆಳಗ ಬಿರಾಜದಾರ ಗಲ್ಲೆ ಎಣಸತಿದ್ದ.
ನಾ ಬ್ಯಾಟರಿ ಆರಿಸಿದೆ.
ಕತ್ತಲದಾಗ ಎಲ್ಲೋ ಒಂದ ಕುರ್ಚಿ
ಕರ್ ಅಂತು.